ಮೈದಾನದ ಅಂಚಿನಿಂದ: ಬೀಟ್‌ರೂಟ್ ಬಾಟಲಿಗೆ ಮುಚ್ಚಳ ಹಾಕಿದ ಸ್ಟ್ರೈಕರ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬನ ಬಗ್ಗೆಯೇ. ಹಿಂದಿನ ಕಂತಿನಲ್ಲಿ ಫುಟ್‌ಬಾಲ್ ಆಟಗಾರ ರಿಕಿ ಲ್ಯಾಂಬರ್ಟ್ ಹೆಸರು ತೆಗೆದು, 'ಬೀಟ್‌ರೂಟ್ ಕಾರ್ಖಾನೆಯಲ್ಲಿ ದುಡಿದು ಆಮೇಲೆ ಇಂಗ್ಲೆಂಡ್ ತಂಡಕ್ಕೆ ಆಡಿದವನು' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ನೀವು ಬಿಡಲಿಲ್ಲ. ಅವನನ್ನು ಕಣ್ಣಾರೆ ನೋಡಿದವಳು ನಾನು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಾನು ನರ್ಸ್ ಆಗಿದ್ದ ವರ್ಷಗಳಲ್ಲಿ ಅವನು ಅಲ್ಲೇ ಆಡುತ್ತಿದ್ದ. ಹಾಗಾಗಿ ಈ ಕಂತು ಪೂರ್ತಿ ಅವನಿಗೇ ಇರಲಿ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ.

ಪ್ರಶ್ನೆ: ಕೆಳ ಲೀಗ್ ಅಂತ ಬರೆಯುತ್ತೀರಿ. ಎಷ್ಟು ಕೆಳಗೆ?

ಉತ್ತರ: ಇಂಗ್ಲೆಂಡ್ ಫುಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್, 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಒಂದೊಂದರಲ್ಲೂ 24 ಕ್ಲಬ್. ಲೀಗ್ ಒನ್ ಅಂದರೆ ಮೊದಲನೆಯದಲ್ಲ, ಮೂರನೆಯ ಮೆಟ್ಟಿಲು. ಈ ಹೆಸರಿಟ್ಟವರಿಗೆ ಏನು ಹೇಳೋದು! ಲೀಗ್ ಟೂ ನಾಲ್ಕನೆಯದು. ಅದರ ಕೆಳಗೂ ಮೆಟ್ಟಿಲುಗಳಿವೆ. ಅಲ್ಲಿ ಎಷ್ಟೋ ಜನ ಹಗಲು ಬೇರೆ ಕೆಲಸ ಮಾಡಿ ವಾರಕ್ಕೆರಡು ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಲ್ಯಾಂಬರ್ಟ್ ಬಹುಕಾಲ ಮೂರು ಮತ್ತು ನಾಲ್ಕನೆಯ ಮೆಟ್ಟಿಲಿನವನು. ಅಲ್ಲಿ ಒಂದು ಸೀಸನ್‌ಗೆ ಲೀಗ್ ಪಂದ್ಯಗಳೇ 46. ಕಪ್ ಪಂದ್ಯಗಳು ಬೇರೆ. ಶನಿವಾರ ಆಡಿದ ಮೈ ನೋವು ಇಳಿಯುವಷ್ಟರಲ್ಲಿ ಮಂಗಳವಾರ ರಾತ್ರಿ ಮತ್ತೊಂದು ಊರು, ಮತ್ತೊಂದು ಕೆಸರು.

ಪ್ರಶ್ನೆ: ಬೀಟ್‌ರೂಟ್ ಕಾರ್ಖಾನೆ ನಿಜಾನಾ? ಗೆದ್ದವರ ಬಗ್ಗೆ ಆಮೇಲೆ ಕಟ್ಟುವ ಕಥೆಯಲ್ಲ ತಾನೇ?

ಉತ್ತರ: ನಿಜ. ಲಿವರ್‌ಪೂಲ್ ಪಕ್ಕದ ಕರ್ಕ್‌ಬಿ ಅವನ ಊರು. ಹುಟ್ಟಿದ್ದು 1982ರ ಫೆಬ್ರವರಿ 16. ಚಿಕ್ಕ ಹುಡುಗನಾಗಿ ಲಿವರ್‌ಪೂಲ್ ಕ್ಲಬ್ಬಿನ ಅಕಾಡೆಮಿ, ಅಂದರೆ ಹುಡುಗರಿಗೆ ಆಟ ಕಲಿಸುವ ಶಾಲೆ, ಸೇರಿದ. ಮನೆಯವರೂ ಅದೇ ಕ್ಲಬ್ಬಿನ ಅಭಿಮಾನಿಗಳು, ಇವನೂ ಅಷ್ಟೇ. ಹದಿನೈದಕ್ಕೆ 'ಸಾಕು' ಅಂದರು. ಆಮೇಲೆ ಬ್ಲ್ಯಾಕ್‌ಪೂಲ್ ಕ್ಲಬ್. ಅಲ್ಲಿ ಬೆರಳೆಣಿಕೆಯ ಪಂದ್ಯ ಆಡಿಸಿ ಅವರೂ ಕೈಬಿಟ್ಟರು.

ಆಗ ಅವನಿಗೆ ಹದಿನೆಂಟು. ಕ್ಲಬ್ ಇಲ್ಲ. ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಅಭ್ಯಾಸಕ್ಕೆ ಬಾ ಅಂದರು, ಸಂಬಳ ಮಾತ್ರ ಕೊಡಲಿಲ್ಲ. ಅಲ್ಲಿಗೆ ಹೋಗಿಬರುವ ಖರ್ಚಿಗೂ ದುಡ್ಡು ಬೇಕಲ್ಲ. ಅದಕ್ಕೇ ಕಾರ್ಖಾನೆ. ಬೀಟ್‌ರೂಟ್ ತುಂಬಿದ ಗಾಜಿನ ಬಾಟಲಿಗೆ ಮುಚ್ಚಳ ತಿರುಗಿಸುವುದು, ದಿನಕ್ಕೆ 20 ಪೌಂಡ್. ಒಂದಾದ ಮೇಲೊಂದು ಬಾಟಲಿ. ನಾವು ಮನೆಯಲ್ಲಿ ಉಪ್ಪಿನಕಾಯಿ ಭರಣಿ ನಾಲ್ಕು ಮುಚ್ಚಿದರೆ ಅಂಗೈ ಉರಿಯುತ್ತೆ, ಅಲ್ವಾ?

2001ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಅವನನ್ನು ಸೇರಿಸಿಕೊಂಡಿತು. ಮರುವರ್ಷವೇ ಸ್ಟಾಕ್‌ಪೋರ್ಟ್ 3 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಕಥೆ ಇಲ್ಲಿಗೆ ಸುಖಾಂತ್ಯ ಅಂದುಕೊಳ್ಳಬೇಡಿ. ಸ್ಟಾಕ್‌ಪೋರ್ಟ್‌ನಲ್ಲಿ ಒಮ್ಮೆ ಮಿಡ್‌ಫೀಲ್ಡ್, ಒಮ್ಮೆ ಮುಂದೆ, ಒಂದು ಜಾಗ ಅಂತ ಗಟ್ಟಿಯಾಗಲಿಲ್ಲ. 2005ರಲ್ಲಿ ಒಂದು ಪೈಸೆ ಕೊಡದೆ ರಾಚ್‌ಡೇಲ್ ಕರೆದುಕೊಂಡು ಹೋಯಿತು. ಲೀಗ್ ಟೂ, ಅಂದರೆ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಮುಂದೆ ನಿಲ್ಲಿಸಿದರು, ಪಕ್ಕದಲ್ಲಿ ಗ್ರಾಂಟ್ ಹೋಲ್ಟ್. ಮುಂದೆ ಅವನೂ ಪ್ರೀಮಿಯರ್ ಲೀಗ್‌ವರೆಗೆ ಹೋದ. ಲ್ಯಾಂಬರ್ಟ್ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು, ಆದದ್ದು ರಾಚ್‌ಡೇಲ್‌ನಲ್ಲಿ ಅಂತಲೇ ನನ್ನ ಲೆಕ್ಕ. 2006ರ ಆಗಸ್ಟ್ ಕೊನೆಯಲ್ಲಿ 2 ಲಕ್ಷ ಪೌಂಡ್‌ಗೆ ಬ್ರಿಸ್ಟಲ್ ರೋವರ್ಸ್‌ಗೆ ಬಂದ. ಅಲ್ಲಿಂದ ನನ್ನ ಕಣ್ಣಿಗೆ ಬಿದ್ದ.

ಪ್ರಶ್ನೆ: ನೀವು ನೋಡಿದ್ದನ್ನು ಹೇಳಿ. ಅಂಕಿ ಅಂಶ ನಾವೇ ಹುಡುಕಿಕೊಳ್ಳುತ್ತೇವೆ.

ಉತ್ತರ: ಸರಿ ಬಿಡಿ, ಮುಖಕ್ಕೆ ಹೊಡೆದ ಹಾಗೆ ಹೇಳಿದಿರಿ!

ಮೊದಲ ಸಲ ಹೋದದ್ದು ವಾರ್ಡಿನ ಸಹೋದ್ಯೋಗಿಯೊಬ್ಬಳ ಒತ್ತಾಯಕ್ಕೆ. ಹಾರ್ಫೀಲ್ಡ್‌ನ ಮೆಮೋರಿಯಲ್ ಸ್ಟೇಡಿಯಂ. ಮೂಲದಲ್ಲಿ ರಗ್ಬಿ ಮೈದಾನ. 12 ಸಾವಿರ ಜನ ಸೇರಿದರೆ ತುಂಬಿಹೋಯಿತು. ಒಂದು ಕಡೆಯ ಸ್ಟ್ಯಾಂಡ್ ನಮ್ಮ ಮದುವೆ ಪೆಂಡಾಲಿನ ಹಾಗೆ, ಮೇಲೆ ಬಿಳಿ ಬಟ್ಟೆ. ನಾವು ಮೆಟ್ಟಿಲ ಮೇಲೆ ನಿಂತು ನೋಡುವವರು. ಕೈಯಲ್ಲಿ ಬಿಸಿ ಪೇಸ್ಟಿ (ನಮ್ಮ ಕರ್ಜಿಕಾಯಿ ಆಕಾರದ ಖಾರದ ತಿಂಡಿ), ತಲೆ ಮೇಲೆ ಮಳೆ. ನೀಲಿ ಬಿಳಿ ಚೌಕದ ಅಂಗಿಯವರು ನಮ್ಮವರು. ತಂಡಕ್ಕೆ 'ಗ್ಯಾಸ್' ಅಂತ ಅಡ್ಡಹೆಸರು. ಹಳೆಯ ಮೈದಾನದ ಪಕ್ಕದಲ್ಲಿ ಗ್ಯಾಸ್ ಕಾರ್ಖಾನೆ ಇತ್ತು. ವಾಸನೆ ಅಂತ ಎದುರಾಳಿಗಳು ಹಂಗಿಸುತ್ತಿದ್ದರು. ಇವರು ಆ ಬೈಗುಳವನ್ನೇ ಹೆಮ್ಮೆಯಿಂದ ಹೊತ್ತುಕೊಂಡರು.

ಲ್ಯಾಂಬರ್ಟ್‌ನನ್ನು ನೋಡಿ ನಾನು ಅಂದದ್ದು, 'ಈ ದಡಿಯ ಓಡೋದೇ ಇಲ್ವಲ್ಲ?' ನಿಜಕ್ಕೂ ಜಾಸ್ತಿ ಓಡುತ್ತಿರಲಿಲ್ಲ. ಮೊದಲ ಸೀಸನ್‌ನಲ್ಲಿ ಗೋಲುಗಳೂ ಕಡಿಮೆ. ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಮುದುಕಪ್ಪ ಮಾತ್ರ ಪ್ರತಿ ವಾರ, ಚೆಂಡು ಅವನಿಗೆ ಕೊಡಿ, ಆಮೇಲೆ ಸುಮ್ಮನಿರಿ ಅನ್ನುತ್ತಿದ್ದರು.

ಅವರ ಮಾತು ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. ಗೋಲ್‌ಕೀಪರ್‌ನಿಂದ ಉದ್ದದ ಚೆಂಡು ಬರುತ್ತೆ. ಬೆನ್ನಿಗೆ ಒಬ್ಬ ಡಿಫೆಂಡರ್ ಅಂಟಿಕೊಂಡು ಮೊಣಕೈಯಲ್ಲಿ ಸೊಂಟಕ್ಕೆ ತಿವಿಯುತ್ತಿರುತ್ತಾನೆ. ಇವನು ಹಿಂದಕ್ಕೆ ಒರಗುತ್ತಾನೆ, ಕುರ್ಚಿಗೆ ಒರಗಿದ ಹಾಗೆ. ಚೆಂಡು ಎದೆಗೆ ಬಡಿದು ಮೆತ್ತಗೆ ಕಾಲಿಗೆ ಇಳಿಯುತ್ತೆ. ತಲೆ ಎತ್ತದೆಯೇ ಪಕ್ಕದಲ್ಲಿ ಓಡುತ್ತಿರುವವನಿಗೆ ತಳ್ಳುತ್ತಾನೆ. ಅಷ್ಟೇ. ಆಮೇಲೆ ನಡೆದುಕೊಂಡು ಪೆನಾಲ್ಟಿ ಬಾಕ್ಸ್‌ಗೆ ಹೋಗುತ್ತಾನೆ. ಹೌದು, ನಡೆದುಕೊಂಡೇ! ಅಷ್ಟರಲ್ಲಿ ಚೆಂಡೂ ಅಲ್ಲಿಗೆ ಬಂದಿರುತ್ತೆ. ಎಲ್ಲರೂ ಚೆಂಡಿನ ಹಿಂದೆ ಓಡುವಾಗ ಇವನು ಚೆಂಡು ಬರುವ ಜಾಗಕ್ಕೆ ಮೊದಲೇ ಹೊರಟಿರುತ್ತಿದ್ದ.

2008ರ ಫೆಬ್ರವರಿ 16. ಎಲ್ಲ ಮೆಟ್ಟಿಲಿನ ಕ್ಲಬ್‌ಗಳೂ ಆಡುವ, ಸೋತರೆ ಹೊರಗೆ ಅನ್ನುವ ಎಫ್‌ಎ ಕಪ್‌ನ ಐದನೇ ಸುತ್ತು. ಎದುರಿಗೆ ನಮಗಿಂತ ಒಂದು ಮೆಟ್ಟಿಲು ಮೇಲಿದ್ದ ಸೌತಾಂಪ್ಟನ್. ಅವತ್ತು ಲ್ಯಾಂಬರ್ಟ್‌ನ 26ನೇ ಹುಟ್ಟುಹಬ್ಬ. ಕೊನೆಯ ಕೆಲವೇ ನಿಮಿಷ ಉಳಿದಿರುವಾಗ ಫ್ರೀ ಕಿಕ್ ಸಿಕ್ಕಿತು. ಬೀಸಿ ಒದ್ದ. ಚೆಂಡು ಒಬ್ಬನಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋಯಿತು. 1-0. ಅದೃಷ್ಟ ಅನ್ನಿ, ನನಗೇನೂ ಅಭ್ಯಂತರವಿಲ್ಲ. ನನ್ನ ಪೇಸ್ಟಿ ಮುಂದಿನವರ ಕಾಲರ್ ಒಳಗೆ ಬಿತ್ತು. ಅವರು ತಿರುಗಿ ನನ್ನನ್ನೇ ಅಪ್ಪಿಕೊಂಡರು.

ಕ್ವಾರ್ಟರ್ ಫೈನಲ್‌ಗೆ ಎರಡು ರಾತ್ರಿ ಪಾಳಿ ಅದಲು ಬದಲು ಮಾಡಿಕೊಂಡು ಹೋದೆ. ವೆಸ್ಟ್ ಬ್ರಾಮ್‌ವಿಚ್ ವಿರುದ್ಧ 1-5. ಆ ಪಾಳಿಗಳ ಸಾಲ ತೀರಿಸುವಾಗಲೆಲ್ಲ ಆ ಐದೂ ಗೋಲು ಒಂದೊಂದಾಗಿ ನೆನಪಾಗುತ್ತಿದ್ದವು.

ಪ್ರಶ್ನೆ: ಅಷ್ಟು ಒಳ್ಳೆಯ ಆಟಗಾರನನ್ನು ದೊಡ್ಡ ಕ್ಲಬ್‌ಗಳು ಯಾಕೆ ನೋಡಲಿಲ್ಲ?

ಉತ್ತರ: ನೋಡಿದರು, ಕೊಳ್ಳಲಿಲ್ಲ. 2008-09ರಲ್ಲಿ ಲೀಗ್ ಒನ್‌ನಲ್ಲಿ 29 ಗೋಲು ಹೊಡೆದ. ಸ್ವಿಂಡನ್‌ನ ಸೈಮನ್ ಕಾಕ್ಸ್ ಜೊತೆ ಮೊದಲ ಸ್ಥಾನ. ಆದರೂ ಅನುಮಾನ. ವಯಸ್ಸು 27, ವೇಗ ಇಲ್ಲ, ಮೈ ಭಾರ. ಕೆಳಗಿನ ಡಿಫೆಂಡರ್‌ಗಳ ಮೇಲೆ ಹೊಡೆದ ಗೋಲು ಮೇಲೆ ನಡೆಯುತ್ತಾ ಅನ್ನೋದು ಅವರ ವಾದ. ಸುಮ್ನೆ ತಳ್ಳಿಹಾಕುವ ವಾದವೂ ಅಲ್ಲ. ಲೀಗ್ ಒನ್‌ನಲ್ಲಿ ಮಳೆಯಂತೆ ಗೋಲು ಸುರಿಸಿ ಮೇಲೆ ಹೋಗಿ ಬತ್ತಿಹೋದವರು ಬೇಕಾದಷ್ಟಿದ್ದಾರೆ. ನಾನೇ 'ದಡಿಯ' ಅಂದವಳು, ಬೇರೆಯವರನ್ನು ಬೈಯಲು ನನಗೆ ಬಾಯಿಲ್ಲ.

ಕೊನೆಗೆ 2009ರ ಆಗಸ್ಟ್‌ನಲ್ಲಿ ಕೊಂಡದ್ದು ಅದೇ ಸೌತಾಂಪ್ಟನ್, ಸುಮಾರು 10 ಲಕ್ಷ ಪೌಂಡ್‌ಗೆ. ಹುಟ್ಟುಹಬ್ಬದ ಫ್ರೀ ಕಿಕ್ ಮರೆತಿರಲಿಕ್ಕಿಲ್ಲ. ಅಷ್ಟರಲ್ಲಿ ಅವರೂ ಲೀಗ್ ಒನ್‌ಗೆ ಬಿದ್ದಿದ್ದರು. ದಿವಾಳಿ ಅಂಚಿಗೆ ಹೋಗಿ ಬಂದ ತಪ್ಪಿಗೆ 10 ಅಂಕ ಕಡಿತ ಬೇರೆ. ಮ್ಯಾನೇಜರ್ ಅಲನ್ ಪಾರ್ಡ್ಯೂ ಮೊದಲು ಹೇಳಿದ್ದೇ ತೂಕ ಇಳಿಸು ಅಂತ. ಇಷ್ಟು ವರ್ಷ ಹಾಗೆ ನೇರವಾಗಿ ಹೇಳಿದವರೇ ಕಡಿಮೆ ಅನ್ನಿಸುತ್ತೆ. ಇಳಿಸಿದ. ಆಮೇಲಿನದು ಓಟ: ತಂಡ 2011ರಲ್ಲಿ ಚಾಂಪಿಯನ್‌ಶಿಪ್‌ಗೆ ಏರಿತು, 2012ರಲ್ಲಿ ಪ್ರೀಮಿಯರ್ ಲೀಗ್‌ಗೆ. ಮ್ಯಾಂಚೆಸ್ಟರ್ ಸಿಟಿ ಮೈದಾನದಲ್ಲಿ ಮೊದಲ ಪ್ರೀಮಿಯರ್ ಲೀಗ್ ಪಂದ್ಯ, ಬದಲಿಯಾಗಿ ಬಂದು ಗೋಲು. ವಯಸ್ಸು ಮೂವತ್ತು. ಆ ಸೀಸನ್‌ನಲ್ಲಿ 15 ಗೋಲು. ಮೈ ಇಳಿದಿತ್ತು, ಆಟ ಮಾತ್ರ ಹಾರ್ಫೀಲ್ಡ್‌ನದ್ದೇ. ಅದೇ ಎದೆ, ಅದೇ ಒರಗು, ಅದೇ ನಡಿಗೆ.

ಪ್ರಶ್ನೆ: ಅವನ ಪೆನಾಲ್ಟಿ ಬಗ್ಗೆ ಯಾರೂ ಬರೆಯುವುದಿಲ್ಲ ಯಾಕೆ?

ಉತ್ತರ: ಸೌತಾಂಪ್ಟನ್‌ಗೆ 34 ಪೆನಾಲ್ಟಿ ಹೊಡೆದ. 34ಕ್ಕೆ 34 ಒಳಗೆ. ಬರೆಯಲು ಇನ್ನೇನಿದೆ?

ಪ್ರಶ್ನೆ: ದಪ್ಪಗಿದ್ದರೂ ಸ್ಟ್ರೈಕರ್ ಆಗಬಹುದು ಅಂತಾಯಿತು. ನನ್ನ ಗಂಡನಿಗೆ ತೋರಿಸಲು ಇನ್ನೊಂದು ಉದಾಹರಣೆ ಕೊಡಿ.

ಉತ್ತರ: ಅಡೆಬಾಯೊ ಅಕಿನ್‌ಫೆನ್ವಾ. ನೂರು ಕಿಲೋ ದಾಟಿದ ಆಳು, ಆದರೆ ಅದೆಲ್ಲ ಸ್ನಾಯು. ಇದನ್ನು ಗಂಡನಿಗೆ ಹೇಳುವಾಗ ನೆನಪಿಡಿ. ಲಂಡನ್ ಹುಡುಗ, ಆಟ ಶುರು ಮಾಡಿದ್ದು ಲಿಥುವೇನಿಯಾದಲ್ಲಿ. ಆಮೇಲೆ ಹತ್ತಾರು ಕ್ಲಬ್. 2016ರಲ್ಲಿ ಎಎಫ್‌ಸಿ ವಿಂಬಲ್ಡನ್ ಫುಟ್‌ಬಾಲ್ ತಂಡವನ್ನು ಲೀಗ್ ಒನ್‌ಗೆ ಏರಿಸಿದ ಫೈನಲ್‌ನಲ್ಲಿ ಪೆನಾಲ್ಟಿ ಹೊಡೆದ. ಅದೇ ದಿನ ಟಿವಿ ಕ್ಯಾಮೆರಾ ಮುಂದೆ ನಿಂತು, ಈಗ ನಾನು ನಿರುದ್ಯೋಗಿ, ಬೇಕಾದ ಮ್ಯಾನೇಜರ್‌ಗಳು ವಾಟ್ಸಾಪ್ ಮಾಡಿ ಅಂದ. ಜನ ನಕ್ಕರು. ಅದು ಪೂರ್ತಿ ತಮಾಷೆಯಲ್ಲ. ಕೆಳ ಲೀಗ್‌ನಲ್ಲಿ ಒಪ್ಪಂದ ಒಂದೋ ಎರಡೋ ವರ್ಷದ್ದು. ಮೇ ತಿಂಗಳಲ್ಲಿ ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ ಕ್ಲಬ್ ಪಟ್ಟಿ ಹೊರಡಿಸುತ್ತೆ. ಜೂನ್ 30ಕ್ಕೆ ಸಂಬಳ ನಿಲ್ಲುತ್ತೆ. ಬಾಡಿಗೆ ನಿಲ್ಲುವುದಿಲ್ಲ. ಅವನಿಗೆ ವಿಕಂಬ್ ಕ್ಲಬ್ ಸಿಕ್ಕಿತು. 2020ರಲ್ಲಿ, 38ನೇ ವಯಸ್ಸಿನಲ್ಲಿ, ಅವರ ಜೊತೆ ಚಾಂಪಿಯನ್‌ಶಿಪ್‌ಗೂ ಏರಿದ.

ಪ್ರಶ್ನೆ: ನನ್ನ ಅಕ್ಕ ಇಂಗ್ಲೆಂಡ್‌ನಲ್ಲಿದ್ದಾಳೆ. ಅವಳ ಮಗನನ್ನು ಹದಿನೈದಕ್ಕೆ ಅಕಾಡೆಮಿಯಿಂದ ಬಿಟ್ಟರು. ಕೋಣೆಯಿಂದ ಹೊರಗೆ ಬರುತ್ತಿಲ್ಲ. ಲ್ಯಾಂಬರ್ಟ್ ಕಥೆ ಹೇಳಲಾ?

ಉತ್ತರ: ಈಗಲೇ ಬೇಡ. ನೊಂದ ಹುಡುಗನಿಗೆ ಗೆದ್ದವನ ಕಥೆ ಹೇಳಿದರೆ ಗಾಯಕ್ಕೆ ಉಪ್ಪು. ಜೇಮೀ ವಾರ್ಡಿ ಅನ್ನುವ ಇನ್ನೊಬ್ಬ ಸ್ಟ್ರೈಕರ್‌ನನ್ನೂ ಹದಿನಾರಕ್ಕೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಬಿಟ್ಟಿತ್ತು. ಸ್ಟಾಕ್ಸ್‌ಬ್ರಿಜ್‌ನಲ್ಲಿ ವಾರಕ್ಕೆ 30 ಪೌಂಡ್‌ಗೆ ಆಡಿ, ಹಗಲು ಕಾರ್ಖಾನೆಯಲ್ಲಿ ದುಡಿದು, 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದ. ಆದರೆ ಇವರ ಹೆಸರು ನಮಗೆ ಗೊತ್ತಿರುವುದೇ ಇವರು ಅಪರೂಪ ಅನ್ನುವ ಕಾರಣಕ್ಕೆ. ಬಿಟ್ಟ ಹುಡುಗರಲ್ಲಿ ಬಹುತೇಕರು ಆ ಮಟ್ಟಕ್ಕೆ ಮರಳುವುದಿಲ್ಲ. ಅದನ್ನು ಮುಚ್ಚಿಡಬೇಡಿ.

ಅಕ್ಕನಿಗೆ ಎರಡು ಮಾತು ಹೇಳಿ. ಮನೆಯಲ್ಲಿ ಫುಟ್‌ಬಾಲ್ ಮಾತು ಕೆಲವು ವಾರ ನಿಲ್ಲಿಸಲಿ, ಬೂಟು ಮಾತ್ರ ಎತ್ತಿಡದಿರಲಿ. ಆಡಬೇಕು ಅನ್ನಿಸಿದ ದಿನ ಹತ್ತಿರದ ಸಣ್ಣ ಕ್ಲಬ್ಬಿಗೆ ಹೋಗಲಿ, ಗೆಳೆಯರ ಜೊತೆ. ಓದು ನಡೆಯುತ್ತಿರಲಿ. ಇನ್ನೂ ಹದಿನೈದು ದಿನದಲ್ಲಿ ಊಟ, ನಿದ್ದೆ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿ. ಇದು ಅಂಕಣಕಾರ್ತಿಯ ಮಾತಲ್ಲ, ನರ್ಸ್ ಮಾತು.

ಪ್ರಶ್ನೆ: 2014ರಲ್ಲಿ ಲಿವರ್‌ಪೂಲ್‌ಗೆ ವಾಪಸ್ ಹೋದದ್ದು ತಪ್ಪಲ್ವಾ? ಬೆಂಚಿನ ಮೇಲೆ ಕೂತು ಮುಗಿದುಹೋದ.

ಉತ್ತರ: ಲೆಕ್ಕದ ಪ್ರಕಾರ ತಪ್ಪೇ. ಸೌತಾಂಪ್ಟನ್‌ನಲ್ಲಿ 235 ಪಂದ್ಯಕ್ಕೆ 117 ಗೋಲು. 2013ರ ಆಗಸ್ಟ್‌ನಲ್ಲಿ ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್‌ಗೆ ಮೊದಲ ಪಂದ್ಯ. ಬದಲಿಯಾಗಿ ಇಳಿದು, ಮೊದಲ ಸ್ಪರ್ಶದಲ್ಲೇ ತಲೆಯಿಂದ ಗೋಲು. ವಯಸ್ಸು 31. ವಿಶ್ವಕಪ್ ತಂಡದಲ್ಲೂ ಜಾಗ ಸಿಕ್ಕಿತು. ಸೌತಾಂಪ್ಟನ್‌ನಲ್ಲೇ ಇದ್ದಿದ್ದರೆ ಇನ್ನೂ ಎರಡು ವರ್ಷ ರಾಜನಾಗಿ ಇರುತ್ತಿದ್ದ. ಲಿವರ್‌ಪೂಲ್‌ನಲ್ಲಿ ಎಲ್ಲ ಸೇರಿ ಮೂರೇ ಗೋಲು. ಆಮೇಲೆ ವೆಸ್ಟ್ ಬ್ರಾಮ್‌ವಿಚ್, ಕಾರ್ಡಿಫ್, 2017ರಲ್ಲಿ ನಿವೃತ್ತಿ.

ಆದರೆ ನೀವೇ ಹೇಳಿ. ಹದಿನೈದನೇ ವಯಸ್ಸಿನಲ್ಲಿ ಹೊರಗೆ ಕಳಿಸಿದ ಮನೆಯವರೇ ಮೂವತ್ತೆರಡಕ್ಕೆ ಬಾಗಿಲು ತೆಗೆದು 'ಬಾ' ಅಂದರೆ, ಕೂತು ಲೆಕ್ಕ ಹಾಕುತ್ತೀರಾ? ನವೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ, ಪಂದ್ಯ ಶುರುವಾಗಿ ಎರಡನೇ ನಿಮಿಷಕ್ಕೆ, ಲಿವರ್‌ಪೂಲ್‌ಗೆ ಅವನ ಮೊದಲ ಗೋಲು ಬಂತು. ನಾನು ಟಿವಿಯಲ್ಲಿ ನೋಡುತ್ತಿದ್ದೆ. ಕೊನೆಗೆ ಲಿವರ್‌ಪೂಲ್ 1-3 ಸೋತಿತು. ಆ ಎರಡು ನಿಮಿಷವನ್ನು ಮಾತ್ರ ನಾನು ಇನ್ನೊಂದು ಸಲ ನೋಡಿದೆ.