16 ಜಿಬಿ ರ‍್ಯಾಮ್ ಇದ್ದೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕುಂಟುತ್ತಿದೆ, ಮೆಮೊರಿ ಹೇಗೆ ಹಂಚಲಿ?

ನೀವು ಸೆಟ್ಟಿಂಗ್ ಏನೂ ಮುಟ್ಟಿಲ್ಲ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್ ತನ್ನದೇ ಕ್ಯಾಶ್‌ಗೆ ಹಿಡಿದಿಡುವ ಮೆಮೊರಿ) ಇನ್ನೂ 128 ಎಂಬಿಯಲ್ಲೇ ಕೂತಿರುತ್ತದೆ. ಸರ್ವರ್‌ನಲ್ಲಿ ಡೇಟಾಬೇಸ್ ಒಂದೇ ಇದ್ದರೆ ರ‍್ಯಾಮ್‌ನ ಕಾಲು ಭಾಗ, ಅಂದರೆ 4 ಜಿಬಿ ಕೊಡಿ. ಉಳಿದದ್ದು ವ್ಯರ್ಥ ಅಲ್ಲ. ಲಿನಕ್ಸ್ ಅದನ್ನು ಫೈಲ್ ಕ್ಯಾಶ್ ಆಗಿ, ಅಂದರೆ ಓದಿದ ಫೈಲ್‌ಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳಲು ಬಳಸುತ್ತದೆ, ಪೋಸ್ಟ್‌ಗ್ರೆಸ್ ಅದನ್ನು ನಂಬಿಕೊಂಡೇ ಇರುತ್ತದೆ. ಶೇರ್ಡ್ ಬಫರ್ಸ್ ಬದಲಿಸಿದರೆ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಬೇಕು.

ಎಡವುವುದು ವರ್ಕ್ ಮೆಮ್‌ನಲ್ಲಿ, ಅಂದರೆ ಕ್ವೆರಿ ಓಡುವಾಗ ಬಳಸುವ ಮೆಮೊರಿಯ ಮಿತಿಯಲ್ಲಿ. ಇದು ಇಡೀ ಸರ್ವರ್‌ನ ಮಿತಿ ಅಲ್ಲ. ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೂ (ಸಾಲುಗಳನ್ನು ಕ್ರಮವಾಗಿ ಜೋಡಿಸುವುದು) ಒಂದೊಂದು ಹ್ಯಾಶ್‌ಗೂ (ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಪಟ್ಟಿ) ಬೇರೆ ಬೇರೆ. ಮೊದಲಿಗೆ ಇರುವುದು 4 ಎಂಬಿ. 64 ಮಾಡಿದಿರಿ ಅನ್ನಿ. 100 ಕನೆಕ್ಷನ್‌ಗಳು ತಲಾ ಒಂದೇ ಸಾರ್ಟ್ ಮಾಡಿದರೂ 6 ಜಿಬಿ ದಾಟಿತು! ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾಗ ನಾನೇ ಸುಮ್ನೆ 256 ಹಾಕಿ ಮನೆಗೆ ಹೋಗಿದ್ದೆ. ತಿಂಗಳ ಕೊನೆಯ ರಿಪೋರ್ಟ್ ಓಡಿದಾಗ ಮೆಮೊರಿ ಸಾಲದೆ ಲಿನಕ್ಸ್ ಡೇಟಾಬೇಸ್ ಪ್ರೊಸೆಸ್ಸನ್ನೇ ಕೊಂದುಹಾಕಿತ್ತು. ಬಾಣೇರ್ ಸಿಗ್ನಲ್‌ನಲ್ಲಿದ್ದಾಗ ಫೋನ್ ಬಂತು, ವಾಪಸ್ ತಿರುಗಿದೆ.

ಹಾಗಾಗಿ 16 ಎಂಬಿಯಿಂದ ಶುರು ಮಾಡಿ. ನಿಧಾನದ ಕ್ವೆರಿಯನ್ನು ಎಕ್ಸ್‌ಪ್ಲೇನ್ ಅನಲೈಜ್‌ನಲ್ಲಿ (ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಕಮಾಂಡ್) ಓಡಿಸಿ. ಮೆಮೊರಿ ಸಾಲದೆ ಸಾರ್ಟ್ ಡಿಸ್ಕ್‌ಗೆ ಇಳಿಯುತ್ತಿದ್ದರೆ ಅಲ್ಲೇ ಕಾಣುತ್ತದೆ. ಭಾರೀ ರಿಪೋರ್ಟ್ ಒಂದೇ ಇದ್ದರೆ ಆ ಸೆಷನ್‌ಗೆ ಮಾತ್ರ ಜಾಸ್ತಿ ಕೊಡಿ, ಎಲ್ಲರಿಗೂ ಯಾಕೆ ಅಲ್ವಾ?

ಎಫೆಕ್ಟಿವ್ ಕ್ಯಾಶ್ ಸೈಜ್ 12 ಜಿಬಿ ಅಂತ ಬರೆಯಿರಿ. ಅದು ಮೆಮೊರಿ ಹಿಡಿಯುವುದಿಲ್ಲ, ಕ್ವೆರಿ ಹೇಗೆ ಓಡಿಸಬೇಕು ಅಂತ ನಿರ್ಧರಿಸುವ ಪ್ಲಾನರ್‌ಗೆ, ಕ್ಯಾಶ್‌ಗೆ ಎಷ್ಟು ಮೆಮೊರಿ ಸಿಗಬಹುದು ಅಂತ ಕೊಡುವ ಸುಳಿವು ಅಷ್ಟೇ.