ಕತ್ತರಿ ಹಾಕಿದ್ದೆಲ್ಲ ಬೌಡ್ಲರೈಸ್ ಅಲ್ಲ

ಪ್ರಶ್ನೆ: ಪುಸ್ತಕ ವಿಮರ್ಶೆಯೊಂದರಲ್ಲಿ ‘ಬೌಡ್ಲರೈಸ್’ ಎಂಬ ಇಂಗ್ಲಿಷ್ ಕ್ರಿಯಾಪದ ಕಂಡೆ. ನಿಘಂಟಿನಲ್ಲಿ ‘ಅಶ್ಲೀಲ ಭಾಗ ತೆಗೆ’ ಎಂದಷ್ಟೇ ಇದೆ. ಪದ ಎಲ್ಲಿಂದ ಬಂತು? ಹೋದ ಸಂಚಿಕೆಯಲ್ಲಿ ನನ್ನ ಪತ್ರವನ್ನು ಅರ್ಧಕ್ಕೆ ಕತ್ತರಿಸಿದಿರಲ್ಲ, ಅದೂ ಬೌಡ್ಲರೈಸೇ?

ಉತ್ತರ: ಕೊನೆಯ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಅಲ್ಲ. ನಿಮ್ಮ ಪತ್ರಕ್ಕೆ ಕತ್ತರಿ ಬಿದ್ದದ್ದು ಜಾಗ ಸಾಲದೆ. ಓದುವವರ ಮನಸ್ಸು ಕೆಟ್ಟೀತು ಎಂದು ಹೆದರಿ ಕತ್ತರಿಸಿದರೆ ಮಾತ್ರ ಅದು ಬೌಡ್ಲರೈಸ್. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇರಲಿಲ್ಲ ಬಿಡಿ.

ಇದು ಒಬ್ಬ ಮನುಷ್ಯನ ಹೆಸರು. ಥಾಮಸ್ ಬೌಡ್ಲರ್ (1754–1825) ಇಂಗ್ಲೆಂಡಿನ ವೈದ್ಯ. ಚಿಕ್ಕಂದಿನಲ್ಲಿ ಅವರ ಅಪ್ಪ ಮನೆಮಂದಿಗೆಲ್ಲ ಶೇಕ್ಸ್‌ಪಿಯರ್ ಓದಿ ಹೇಳುತ್ತಿದ್ದರು. ಮುಜುಗರದ ಮಾತು ಬಂದಾಗ ಯಾರಿಗೂ ಗೊತ್ತಾಗದ ಹಾಗೆ ಹಾರಿಸಿಬಿಡುತ್ತಿದ್ದರು. ಎಲ್ಲ ಅಪ್ಪಂದಿರಿಗೂ ಈ ಜಾಣತನ ಇರುವುದಿಲ್ಲ ಅಲ್ವಾ? ಅವರಿಗಾಗಿ 1807ರಲ್ಲಿ 20 ನಾಟಕಗಳ ‘ದಿ ಫ್ಯಾಮಿಲಿ ಶೇಕ್ಸ್‌ಪಿಯರ್’ ಬಂತು. ಸಂಪಾದಕರ ಹೆಸರಿಲ್ಲ. ಅದರ ಕೆಲಸ ಬಹುಪಾಲು ಥಾಮಸರ ಅಕ್ಕ ಹ್ಯಾರಿಯೆಟ್ ಅವರದು. ಮದುವೆಯಾಗದ ಹೆಂಗಸು ಇಂಥ ಮಾತುಗಳನ್ನು ಹುಡುಕಿ ತೆಗೆದಳೆಂದರೆ, ಅವು ಅವಳಿಗೆ ಅರ್ಥವಾದವು ಎಂದು ಒಪ್ಪಿಕೊಂಡ ಹಾಗೆ! ಹೆಸರು ಬಚ್ಚಿಡಲು ಇದೇ ಕಾರಣ ಎನ್ನುತ್ತಾರೆ. 1818ರಲ್ಲಿ 36 ನಾಟಕಗಳು 10 ಸಂಪುಟಗಳಲ್ಲಿ ಬಂದಾಗ ಥಾಮಸರ ಹೆಸರು ಮುಖಪುಟ ಏರಿತು. ಹಾಗಾಗಿ ಕೀರ್ತಿಯೂ ಅವರಿಗೆ, ಗೇಲಿಯೂ ಅವರಿಗೆ.

ಮೂಲಕ್ಕೆ ಏನನ್ನೂ ಸೇರಿಸಿಲ್ಲ, ಮನೆಮಂದಿಯ ಮುಂದೆ ಓದಬಾರದ್ದನ್ನು ಬಿಟ್ಟಿದ್ದೇವೆ ಅಷ್ಟೇ ಎಂದು ಪುಸ್ತಕ ಹೇಳಿಕೊಂಡಿತ್ತು. ಆದರೆ ‘ಮ್ಯಾಕ್‌ಬೆತ್’ ನಾಟಕದಲ್ಲಿ ಲೇಡಿ ಮ್ಯಾಕ್‌ಬೆತ್ ತನ್ನ ಕೈಯ ರಕ್ತದ ಕಲೆಗೆ ‘ಹಾಳು ಕಲೆಯೇ, ತೊಲಗು’ ಎಂದು ಶಪಿಸುವ ಕಡೆ, ‘ಕೆಂಪು ಕಲೆಯೇ’ ಎಂದಾಯಿತು. ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ತಾನೇ ಪ್ರಾಣ ಕಳೆದುಕೊಂಡಳೋ ಎಂಬ ಅನುಮಾನವೇ ಉಳಿಯಲಿಲ್ಲ, ಆಕಸ್ಮಿಕವಾಗಿ ಮುಳುಗಿದಳು. ‘ಒಥೆಲೊ’ ನಾಟಕ ಮಾತ್ರ ಕತ್ತರಿಗೆ ಬಗ್ಗಲಿಲ್ಲ. ಅದನ್ನು ನಡುಮನೆಯಲ್ಲಿ ಇಡಬೇಡಿ ಎಂದು ಬೌಡ್ಲರ್ ಕೈಚೆಲ್ಲಿದರು.

ಅವರು ತೀರಿಕೊಂಡು 11 ವರ್ಷಕ್ಕೆ, 1836ರಲ್ಲಿ, ಹೆಸರು ಕ್ರಿಯಾಪದವಾಗಿತ್ತು. ಅಂದಿನಿಂದ ಅದರಲ್ಲಿ ವ್ಯಂಗ್ಯ ಇದ್ದೇ ಇದೆ. ‘ನಾನು ಬೌಡ್ಲರೈಸ್ ಮಾಡಿದೆ’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ, ‘ಪರಿಷ್ಕರಿಸಿದೆ’ ಅನ್ನುತ್ತಾರೆ. ಸುಮ್ನೆ ನಗುವುದೂ ನ್ಯಾಯವಲ್ಲ ಅನ್ನಿ. ಮಕ್ಕಳ ಕೈಗೆ ಶೇಕ್ಸ್‌ಪಿಯರ್‌ನನ್ನು ಕೊಟ್ಟವರು ಇವರೇ ಎಂದು ಕವಿ ಸ್ವಿನ್‌ಬರ್ನ್ 1894ರಲ್ಲಿ ಹೊಗಳಿದ್ದುಂಟು.

ಬಳಸುವಾಗ ನೆನಪಿಡಿ: ಪುಸ್ತಕ, ನಾಟಕ, ಹಾಡು, ಸಿನಿಮಾಕ್ಕೆ ಈ ಪದ ಸಲ್ಲುತ್ತದೆ, ಮನುಷ್ಯರಿಗೆ ಅಲ್ಲ. ಸೆನ್ಸಾರ್ ಮಾಡಲು ಅಧಿಕಾರ ಬೇಕು, ಇದಕ್ಕೆ ಕತ್ತರಿಯೊಂದಿದ್ದರೆ ಸಾಕು. ಬೈಗುಳದ ಮೇಲೆ ಬೀಪ್ ಹಾಕಿದರೆ ಪದ ಅಷ್ಟು ಒಪ್ಪುವುದಿಲ್ಲ, ಅಲ್ಲಿ ಏನೋ ಇತ್ತೆಂದು ಕೇಳುವವರಿಗೆ ಗೊತ್ತಾಗುತ್ತದೆ. ಬೈಗುಳ ಕಿತ್ತು ಅಲ್ಲಿ ‘ಅಯ್ಯೋ ದೇವರೇ’ ಎಂದು ಕೂರಿಸಿದ್ದರೆ ಧಾರಾಳವಾಗಿ ಬಳಸಿ.

– ಸಂಪಾದಕ