ಗೊತ್ತಿರುವವರ ಬಗ್ಗೆ ಇನ್ನೊಂದು ಕಥೆ

ಈ ಸಲ ಬಂದ ಪತ್ರಗಳಲ್ಲಿ ಫ್ಯಾನ್ ಫಿಕ್ಷನ್ ಬಗ್ಗೆ ಕೇಳಿದವರೇ ಜಾಸ್ತಿ. ಯಾರೋ ಬರೆದ ಕಥೆಯ ಪಾತ್ರಗಳನ್ನು ತುಂಬಾ ಹಚ್ಚಿಕೊಂಡ ಓದುಗರು, ಅದೇ ಪಾತ್ರಗಳನ್ನಿಟ್ಟುಕೊಂಡು ತಾವೇ ಬರೆಯುವ ಕಥೆಗೆ ಆ ಹೆಸರು. ಚಿಕ್ಕದಾಗಿ ಫಿಕ್ ಅನ್ನುತ್ತಾರೆ. ನಾನು ಹದಿನೈದು ವರ್ಷದಿಂದ ಇವನ್ನು ಓದುತ್ತಿದ್ದೇನೆ. ಬೇರೆಯವರ ಕರಡು ಓದಿ ಸಲಹೆ ಕೊಡುವ ಬೀಟಾ ರೀಡರ್ ಕೆಲಸವನ್ನೂ ಮಾಡಿದ್ದೇನೆ. ನನಗೆ ತುಂಬಾ ಹತ್ತಿರದ್ದು ಷರ್ಲಾಕ್ ಹೋಮ್ಸ್ ಲೋಕ. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ: ಪಾತ್ರಗಳು ಗೊತ್ತು, ಕಥೆಯೂ ಗೊತ್ತು. ಆದರೂ ಜನ ಅಷ್ಟು ಆಸೆಯಿಂದ ಫ್ಯಾನ್ ಫಿಕ್ಷನ್ ಓದುವುದು ಯಾಕೆ? ಅವರಿಗೆ ಅದರಲ್ಲಿ ಏನು ಇಷ್ಟವಾಗುತ್ತದೆ?

ಉತ್ತರ: ಕಥೆ ಗೊತ್ತಿರುತ್ತದೆ, ನಿಜ. ಆದರೆ ಆ ಕಥೆಯ ಜನರ ಬಗ್ಗೆ ಎಲ್ಲವೂ ಗೊತ್ತಿರುವುದಿಲ್ಲ. ಮೂಲ ಲೇಖಕರು ತಮಗೆ ಬೇಕಾದ ದಾರಿ ಹಿಡಿದು ಮುಂದೆ ಹೋಗಿರುತ್ತಾರೆ. ಎಷ್ಟೋ ಬಾಗಿಲುಗಳು ಅರ್ಧ ತೆರೆದೇ ಉಳಿದಿರುತ್ತವೆ. ಓದುಗರ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

1893ರ ಡಿಸೆಂಬರ್‌ನಲ್ಲಿ ಬಂದ ಕಥೆಯಲ್ಲಿ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಜಲಪಾತದ ಬಳಿ ಸಾಯಿಸಿಬಿಟ್ಟರು. 1903ರಲ್ಲಿ, ಅವನು ಸತ್ತೇ ಇರಲಿಲ್ಲ ಅಂತ ಹೇಳಿ ವಾಪಸ್ ಕರೆತಂದರು. ಕಥೆಯೊಳಗೆ ಈ ಅಂತರ ಮೂರು ವರ್ಷ. ಅಷ್ಟೂ ದಿನ ಗೆಳೆಯ ವಾಟ್ಸನ್ ಅವನು ಸತ್ತಿದ್ದಾನೆ ಅಂತಲೇ ನಂಬಿ ಬದುಕಿದ್ದ. ಅದೇ ಸಮಯದಲ್ಲಿ ವಾಟ್ಸನ್‌ನ ಹೆಂಡತಿಯೂ ತೀರಿಕೊಂಡಿರಬೇಕು. ಇದು ನಮಗೆ ತಿಳಿಯುವುದು ನಡುವೆ ಬಂದುಹೋಗುವ ಒಂದೇ ಒಂದು ಸಣ್ಣ ಮಾತಿನಿಂದ. ಅವಳ ಕೊನೆಯ ದಿನಗಳಲ್ಲಿ ಅವನ ಜೊತೆ ಯಾರಿದ್ದರು? ಡಾಕ್ಟರ್ ಆಗಿದ್ದೂ ಏನೂ ಮಾಡಲಾಗದೆ ಕೂತಿದ್ದನಾ? ಡಾಯ್ಲ್ ಹೇಳುವುದಿಲ್ಲ. ಓದಿದವರಿಗೆ ಮಾತ್ರ ಅದು ಕೊರೆಯುತ್ತಲೇ ಇರುತ್ತದೆ.

ಇನ್ನೊಂದು ಬಾಗಿಲು ನೋಡಿ. ಹೋಮ್ಸ್ ಬದುಕಿರುವುದು ಅಣ್ಣ ಮೈಕ್ರಾಫ್ಟ್‌ಗೆ ಗೊತ್ತಿತ್ತು. ತಮ್ಮನ ಕೋಣೆ, ಕಾಗದಪತ್ರ ಎಲ್ಲ ಇದ್ದ ಹಾಗೇ ಇರುವಂತೆ ಅವನು ನೋಡಿಕೊಂಡ. ಆದರೆ ಮನೆ ಮಿಸೆಸ್ ಹಡ್ಸನ್ ಅವರದು. ಸತ್ತವನ ಕೋಣೆಗೆ ಮೂರು ವರ್ಷ ಬಾಡಿಗೆ ಬರುತ್ತಲೇ ಇದ್ದರೆ ಅವರಿಗೆ ಏನನ್ನಿಸಿರಬೇಕು?

ಬರೀ ಇಷ್ಟನ್ನೇ ಹಿಡಿದು ಬರೆದ ಒಂದು ಫಿಕ್ ಓದಿದ್ದೆ. ಅದರಲ್ಲಿ ಕೊಲೆ ಇಲ್ಲ, ಪತ್ತೇದಾರಿ ಇಲ್ಲ. ಮಿಸೆಸ್ ಹಡ್ಸನ್ ವಾರಕ್ಕೊಮ್ಮೆ ಕೋಣೆಯ ಬೀಗ ತೆಗೆಯುತ್ತಾರೆ. ಧೂಳು ಒರೆಸುತ್ತಾರೆ. ಪಿಟೀಲನ್ನು ಮಾತ್ರ ಮುಟ್ಟುವುದಿಲ್ಲ. ಎರಡನೇ ವರ್ಷದ ಹೊತ್ತಿಗೆ ಅನುಮಾನ ಶುರುವಾಗುತ್ತದೆ. ಇಲ್ಲದವನಿಗಾಗಿ ಯಾರಾದರೂ ಇಷ್ಟು ದಿನ ಬಾಡಿಗೆ ಕಟ್ಟುತ್ತಾರಾ? ಇದನ್ನು ವಾಟ್ಸನ್‌ಗೆ ಹೇಳಬೇಕಾ, ಬೇಡವಾ? ಹೇಳಿ, ಆಮೇಲೆ ಅದು ಸುಳ್ಳಾದರೆ ಆ ಮನುಷ್ಯ ತಡೆದುಕೊಳ್ಳುತ್ತಾನಾ? ಅವರು ಹೇಳುವುದೇ ಇಲ್ಲ. ಮೂಲ ಕಥೆಯಲ್ಲಿ ಹೋಮ್ಸ್ ವಾಪಸ್ ಬಂದಾಗ ಅವನನ್ನು ಕಂಡು ಮಿಸೆಸ್ ಹಡ್ಸನ್ ಹುಚ್ಚು ಹಿಡಿದವರಂತೆ ಕಿರುಚಾಡಿದರು ಅಂತ ಒಂದು ಸಾಲು ಬರುತ್ತದೆ. ಮೊದಲು ನಾನು ಅದನ್ನು ಗಾಬರಿ ಅಂತಲೇ ಓದಿದ್ದೆ. ಈ ಫಿಕ್ ಆದಮೇಲೆ ಆ ಕಿರುಚಾಟದಲ್ಲಿ ಒಂದು ವರ್ಷ ಬಾಯಿ ಬಿಗಿಹಿಡಿದಿದ್ದ ಹೆಂಗಸು ನನಗೆ ಕಾಣಿಸುತ್ತಾರೆ.

ನೋಡಿ, ಮೂಲದ ಒಂದು ಅಕ್ಷರವನ್ನೂ ಆ ಫಿಕ್ ಬರೆದವರು ಬದಲಿಸಲಿಲ್ಲ. ಆದರೂ ನಾನು ಮೂಲವನ್ನು ಓದುವ ರೀತಿಯೇ ಬದಲಾಯಿತು. ಫಿಕ್ ಓದುಗರಿಗೆ ಸಿಗುವ ದೊಡ್ಡ ಖುಷಿ ಇದೇ ಅಂತ ನನ್ನ ನಂಬಿಕೆ. ನಾನು ಪ್ರೀತಿಸುವ ಕಥೆಯನ್ನು ಇನ್ನೊಬ್ಬರು ನನಗಿಂತ ಹತ್ತಿರದಿಂದ ಓದಿದ್ದಾರೆ ಅಂತ ಗೊತ್ತಾದಾಗ ಮನಸ್ಸು ತುಂಬಿಬರುತ್ತದೆ.

ಪ್ರಶ್ನೆ: ನಾನು ಹೋಮ್ಸ್ ಫಿಕ್ ಬರೆದೆ. ಪೈಪು, ಪಿಟೀಲು, ಅವನ ಮಾತಿನ ವರಸೆ ಎಲ್ಲ ಹಾಕಿದ್ದೇನೆ. ಆದರೂ ಓದಿದವರು 'ಇದು ಅವನಲ್ಲ' ಅನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರದ ಜೊತೆ ಕಳಿಸಿದ ಎರಡು ಪುಟ ಓದಿದೆ. ಪೈಪು ಸರಿಯಾಗಿಯೇ ಇದೆ. ಆದರೆ ನಿಮ್ಮ ಹೋಮ್ಸ್ ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಬಿಡಿಸಿ ಹೇಳುತ್ತಾನೆ. ವಾಟ್ಸನ್‌ಗೆ ಗಾಯವಾದಾಗ ಅರ್ಧ ಪುಟ ಮಾತಾಡುತ್ತಾನೆ. ಎಡವಿರುವುದು ಅಲ್ಲೇ.

1924ರ ಒಂದು ಕಥೆಯಲ್ಲಿ ಡಾಯ್ಲ್ ಅವರೇ ಇಂಥ ಸನ್ನಿವೇಶ ಬರೆದಿದ್ದಾರೆ. ವಾಟ್ಸನ್ ತೊಡೆಗೆ ಗುಂಡು ತಾಗುತ್ತದೆ. ಹೋಮ್ಸ್ ಓಡಿಬಂದು ಅವನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾನೆ. ಚಾಕು ತೆಗೆದು ಪ್ಯಾಂಟಿನ ಬಟ್ಟೆ ಸೀಳಿ ಗಾಯ ನೋಡುತ್ತಾನೆ. ಅವನ ಬಾಯಲ್ಲಿ ಬರುವುದು ಗಾಬರಿಯ ಒಂದೆರಡು ಮಾತು, ಅಷ್ಟೇ. ತುಟಿ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಅದನ್ನು ನೋಡಿದ ವಾಟ್ಸನ್‌ಗೆ ಈ ಗಾಯ ಆಗಿದ್ದಕ್ಕೂ ಸಾರ್ಥಕ ಅನ್ನಿಸುತ್ತದೆ. ಅಷ್ಟು ವರ್ಷ ಬಿಗಿಯಾಗಿದ್ದವನು ಒಂದು ಗಳಿಗೆ ಸಡಿಲವಾದ. ಮೊದಲಿನಿಂದ ಬಿಗಿಯಾಗಿದ್ದರೆ ತಾನೇ ಸಡಿಲವಾದದ್ದು ಕಾಣುವುದು? ಒಬ್ಬರಿಗೆ ಪೆಟ್ಟಾಗಿ ಇನ್ನೊಬ್ಬರು ಆರೈಕೆ ಮಾಡುವ ಕಥೆಗಳಿಗೆ ಫಿಕ್ ಲೋಕದಲ್ಲಿ ಹರ್ಟ್ ಕಂಫರ್ಟ್ ಅನ್ನುತ್ತಾರೆ. ಅದನ್ನು ಹುಡುಕಿ ಓದುವವರು ತುಂಬಾ ಜನ. ಅವರು ಕಾಯುವುದು ಈ ಗಳಿಗೆಗೆ.

ಒಮ್ಮೆ ನಾನು ಬೀಟಾ ಮಾಡಿದ ಕರಡಿನಲ್ಲಿ ಹೋಮ್ಸ್ 'ನೀನಿಲ್ಲದೆ ನನಗೆ ಬದುಕಿಲ್ಲ' ಅಂದಿದ್ದ. ಪಕ್ಕದಲ್ಲಿ 'ಇವನು ಹೀಗೆ ಹೇಳ್ತಾನಾ?' ಅಂತ ಬರೆದು ಕಳಿಸಿದೆ. ಆ ಹುಡುಗಿ ಆ ಮಾತನ್ನು ಹೊಡೆದುಹಾಕಿ ಬೇರೆ ಬರೆದಳು. ಹೋಮ್ಸ್ ದೀಪವನ್ನು ತನ್ನ ಮೇಜಿನಿಂದ ಎತ್ತಿ ವಾಟ್ಸನ್‌ನ ಕುರ್ಚಿಯ ಪಕ್ಕ ಇಡುತ್ತಾನೆ. ತಾನು ಕತ್ತಲಲ್ಲಿ ಕೂರುತ್ತಾನೆ. ಕಥೆ ಬಂದಮೇಲೆ ಓದಿದವರೆಲ್ಲ ಆ ದೀಪದ ಬಗ್ಗೆಯೇ ಬರೆದರು.

ನಿಮ್ಮ ಎರಡು ಪುಟವನ್ನು ಹಾಗೇ ಇಟ್ಟುಕೊಳ್ಳಿ. ಹೋಮ್ಸ್ ಮಾತುಗಳನ್ನು ಮಾತ್ರ ತೆಗೆದು, ಆ ಜಾಗದಲ್ಲಿ ಅವನ ಕೈ ಏನು ಮಾಡುತ್ತಿದೆ ಅಂತ ಬರೆದು ನೋಡಿ. ನಿಮ್ಮ ಹತ್ತಿರ ಒಳ್ಳೆ ಕಣ್ಣಿದೆ. ಕಿಟಕಿ ಗಾಜಿನ ಮೇಲೆ ಅವನ ಉಸಿರು ಮಂಜಾಗಿ ನಿಂತ ಸಾಲು ನನಗೆ ತುಂಬಾ ಹಿಡಿಸಿತು.

ಪ್ರಶ್ನೆ: ಸ್ಲೋ ಬರ್ನ್, ಅಂದರೆ ಪ್ರೀತಿ ನಿಧಾನವಾಗಿ ಬೆಳೆಯುವ ಕಥೆ ಅಂತ ಹೇಳಿ ನಲವತ್ತು ಅಧ್ಯಾಯ ಎಳೆಯುತ್ತಾರೆ. ಇಬ್ಬರಿಗೂ ಪ್ರೀತಿ ಇದೆ ಅಂತ ಮೊದಲನೇ ಅಧ್ಯಾಯದಲ್ಲೇ ಗೊತ್ತಾಗುತ್ತೆ. ಇದನ್ನು ಜನ ಹೇಗೆ ಇಷ್ಟಪಡುತ್ತಾರೆ?

ಉತ್ತರ: ಎಳೆದದ್ದನ್ನು ಯಾರೂ ಇಷ್ಟಪಡುವುದಿಲ್ಲ. ಒಂದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವ ತಪ್ಪು ತಿಳುವಳಿಕೆಯನ್ನು ಹತ್ತು ಅಧ್ಯಾಯ ಎಳೆದರೆ ನಾನೂ ಓದುವುದನ್ನು ನಿಲ್ಲಿಸುತ್ತೇನೆ.

ಆದರೆ ಚೆನ್ನಾಗಿ ಬರೆದ ಸ್ಲೋ ಬರ್ನ್‌ನಲ್ಲಿ ಪ್ರತಿ ಅಧ್ಯಾಯಕ್ಕೂ ಏನೋ ಒಂದು ಕೂದಲೆಳೆಯಷ್ಟು ಸರಿದಿರುತ್ತದೆ. ಹೋಮ್ಸ್ ಮತ್ತು ವಾಟ್ಸನ್ ಒಬ್ಬರನ್ನೊಬ್ಬರು ಯಾವಾಗಲೂ ಮನೆತನದ ಹೆಸರಿನಿಂದಲೇ ಕರೆಯುತ್ತಾರೆ. ಅದು ಅವರ ಕಾಲದ ರೂಢಿ. ನಾನು ಓದಿದ ಒಂದು ಫಿಕ್‌ನಲ್ಲಿ ಇಪ್ಪತ್ತೊಂದನೇ ಅಧ್ಯಾಯದಲ್ಲಿ ಹೋಮ್ಸ್ ಮೊದಲ ಸಲ 'ಜಾನ್' ಅಂದ. ಅಷ್ಟೇ. ಅವತ್ತು ನಾನು ಪುಸ್ತಕ ಮುಚ್ಚುವ ಹಾಗೆ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇಪ್ಪತ್ತು ಅಧ್ಯಾಯ 'ವಾಟ್ಸನ್, ವಾಟ್ಸನ್' ಅಂತ ಕೇಳಿಸದೇ ಇದ್ದಿದ್ದರೆ ಆ ಒಂದು ಹೆಸರಿಗೆ ಅಷ್ಟು ಭಾರ ಬರುತ್ತಿರಲಿಲ್ಲ, ಅಲ್ವಾ?

ಇವರಿಬ್ಬರೂ ಒಂದಾಗುತ್ತಾರೆ ಅನ್ನುವುದು ನಮಗೆ ಮೊದಲೇ ಗೊತ್ತು. ಅದಕ್ಕೇ ನಮಗೆ ಆತುರವಿಲ್ಲ. ಹೇಗೆ ಒಂದಾಗುತ್ತಾರೆ ಅಂತ ನೋಡುತ್ತಾ ಕೂರಬಹುದು.

ಪ್ರಶ್ನೆ: ಪಾತ್ರಗಳನ್ನು ಪೂರ್ತಿ ಬೇರೆ ಕಾಲಕ್ಕೆ, ಬೇರೆ ಕೆಲಸಕ್ಕೆ ಹಾಕಿ ಬರೆಯುತ್ತಾರಲ್ಲ, ಅದರಲ್ಲಿ ಮೂಲದ್ದು ಏನು ಉಳಿಯುತ್ತದೆ?

ಉತ್ತರ: ಅದಕ್ಕೆ ಆಲ್ಟರ್ನೇಟ್ ಯೂನಿವರ್ಸ್, ಎ.ಯು. ಅನ್ನುತ್ತಾರೆ. ಹೋಮ್ಸ್ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಲಿ, ತೊಂದರೆ ಇಲ್ಲ. ಬಂದವರ ಬೂಟು ನೋಡಿಯೇ ಅವರು ಎಲ್ಲಿಂದ ಬಂದರು ಅಂತ ಹೇಳಬೇಕು. ಅದನ್ನು ಕೇಳಿ ನಿಜವಾಗಿ ಬೆರಗಾಗುವ ಒಬ್ಬ ಗೆಳೆಯ ಇರಬೇಕು. ಈ ಎರಡು ಉಳಿದರೆ ನನಗೆ ಸಾಕು. ಹೆಸರು ಮಾತ್ರ ಉಳಿದು ಈ ಎರಡೂ ಹೋದರೆ, ಅದು ಬೇರೆ ಯಾರದ್ದೋ ಕಥೆ.

ಪ್ರಶ್ನೆ: ನನ್ನ ಕಥೆಯಲ್ಲಿ ನಾನೇ ಹುಟ್ಟಿಸಿದ ಒಬ್ಬ ಹುಡುಗಿ ಇದ್ದಾಳೆ. 'ಮೇರಿ ಸ್ಯೂ' ಅಂತ ಒಬ್ಬರು ಬರೆದರು. ಬರೆಯುವುದನ್ನೇ ಬಿಟ್ಟುಬಿಡೋಣ ಅನ್ನಿಸಿದೆ.

ಉತ್ತರ: ದಯವಿಟ್ಟು ಬಿಡಬೇಡಿ. ಈ ಹೆಸರು ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. 1973ರಲ್ಲಿ ಪೌಲಾ ಸ್ಮಿತ್ ಅನ್ನುವವರು ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಟಿವಿ ಧಾರಾವಾಹಿಯ ಅಭಿಮಾನಿಗಳ ಒಂದು ಪತ್ರಿಕೆಯಲ್ಲಿ ಚಿಕ್ಕ ಅಣಕು ಕಥೆ ಬರೆದರು. ಅದರಲ್ಲಿ ಲೆಫ್ಟಿನೆಂಟ್ ಮೇರಿ ಸ್ಯೂ ಇದ್ದಾಳೆ. ವಯಸ್ಸು ಹದಿನೈದೂವರೆ, ಇಡೀ ಪಡೆಗೇ ಚಿಕ್ಕವಳು. ಎಲ್ಲ ಕೆಲಸವೂ ಬರುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಕೊನೆಗೆ ಸಾಯುತ್ತಾಳೆ, ಎಲ್ಲರೂ ಅಳುತ್ತಾರೆ. ಆಗಿನ ಎಷ್ಟೋ ಕಥೆಗಳು ಹಾಗೇ ಇದ್ದವು ಅನ್ನುವುದು ಅವರ ಮಾತು.

ಆಮೇಲೆ ಆ ಹೆಸರನ್ನು ಸಿಕ್ಕಸಿಕ್ಕ ಹೊಸ ಪಾತ್ರದ ಮೇಲೆ, ಅದರಲ್ಲೂ ಗಟ್ಟಿ ಹೆಣ್ಣು ಪಾತ್ರಗಳ ಮೇಲೆ, ಕಲ್ಲಿನ ಹಾಗೆ ಎಸೆಯಲು ಶುರುಮಾಡಿದರು. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಮೊದಲ ಕಥೆ ಬರೆದ ಎಷ್ಟೋ ಜನ ಈ ಒಂದು ಪದಕ್ಕೆ ಹೆದರಿ ಪೆನ್ನು ಇಟ್ಟಿದ್ದಾರೆ.

ನಿಮ್ಮ ಹುಡುಗಿ ಜಾಣೆ ಆಗಿರಲಿ. ಅವಳು ಬಂದಮೇಲೆ ಉಳಿದವರೂ ಜಾಣರಾಗಿಯೇ ಇದ್ದಾರಾ ಅಂತ ಮಾತ್ರ ನೋಡಿ. ಅವಳು ಗುಟ್ಟು ಬಿಡಿಸುವುದಕ್ಕಾಗಿ ಹೋಮ್ಸ್‌ಗೆ ಕಣ್ಣೆದುರಿನ ಮಣ್ಣಿನ ಗುರುತೂ ಕಾಣದೆ ಹೋದರೆ ಓದುಗರಿಗೆ ಕೋಪ ಬರುತ್ತದೆ. ಅವರು ಬಂದಿರುವುದೇ ಹೋಮ್ಸ್‌ಗಾಗಿ. ಅವನಿಗೆ ಮಣ್ಣು ಕಾಣಲಿ. ಅವನು ಕೇಳದೇ ಬಿಟ್ಟ ಒಂದು ಪ್ರಶ್ನೆಯನ್ನು ಅವಳು ಕೇಳಲಿ.

ಪ್ರಶ್ನೆ: ಮೂಲ ಲೇಖಕರೇ ತಪ್ಪು ಮಾಡಿದ್ದರೆ?

ಉತ್ತರ: ನಮ್ಮಂಥವರಿಗೆ ಹಬ್ಬ! ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ಬಿದ್ದದ್ದು ಮೊದಲ ಕಾದಂಬರಿಯಲ್ಲಿ ಹೆಗಲಿಗೆ, ಎರಡನೆಯದರಲ್ಲಿ ಕಾಲಿಗೆ. ಇನ್ನೊಂದು ಕಥೆಯಲ್ಲಿ ಜಾನ್ ವಾಟ್ಸನ್‌ನನ್ನು ಅವನ ಹೆಂಡತಿಯೇ 'ಜೇಮ್ಸ್' ಅಂತ ಕರೆಯುತ್ತಾಳೆ. ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಇದಕ್ಕೊಂದು ಉತ್ತರ ಹುಡುಕಿದರು. ಜಾನ್ ಎಚ್. ವಾಟ್ಸನ್ ಅನ್ನುವುದರಲ್ಲಿ ಎಚ್ ಅಂದರೆ ಹೇಮಿಶ್ ಇರಬೇಕು. ಜೇಮ್ಸ್ ಅನ್ನುವ ಹೆಸರಿನ ಸ್ಕಾಟಿಷ್ ರೂಪ ಅದು. ಅಂದರೆ ಹೆಂಡತಿ ಮಾತ್ರ ಕರೆಯುವ ಮುದ್ದು ಹೆಸರು! ಒಂದು ಕೈತಪ್ಪಿನಿಂದ ಒಂದು ದಾಂಪತ್ಯದ ಸಲಿಗೆ ಹುಟ್ಟಿತು ನೋಡಿ. ತಪ್ಪನ್ನು ತಪ್ಪು ಅಂತ ಎತ್ತಿ ತೋರಿಸುವುದು ಸುಲಭ. ಅದು ನಿಜವಾಗಿದ್ದರೆ ಹೇಗೆ ಅಂತ ಯೋಚಿಸಿದರೆ ಕಥೆ ಸಿಗುತ್ತದೆ.

ಪ್ರಶ್ನೆ: ದುಃಖದ ಕೊನೆ ಬರೆದರೆ ಓದುಗರು ಬೈಯುತ್ತಾರಾ?

ಉತ್ತರ: ಮೊದಲೇ ಹೇಳಿದ್ದರೆ ಬೈಯುವುದಿಲ್ಲ. ಫಿಕ್‌ಗಳನ್ನು ಹಾಕುವ ಆರ್ಕೈವ್ ಆಫ್ ಅವರ್ ಓನ್ ಅನ್ನುವ ವೆಬ್‌ಸೈಟ್‌ನಲ್ಲಿ 'ಮುಖ್ಯ ಪಾತ್ರದ ಸಾವು' ಅಂತ ಎಚ್ಚರಿಕೆಯ ಟ್ಯಾಗೇ ಇದೆ. ಅದನ್ನು ಹಾಕಿದರೆ ಕಥೆಯ ಕುತೂಹಲ ಹೋಗುತ್ತದೆ ಅಂತ ಹೊಸಬರಿಗೆ ಭಯ. ನನ್ನ ಅನುಭವ ಬೇರೆ. ಅಳಬೇಕು ಅನ್ನಿಸಿದ ದಿನ ನಾನು ಆ ಟ್ಯಾಗನ್ನೇ ಹುಡುಕಿಕೊಂಡು ಹೋಗಿದ್ದೇನೆ. ಬೇಡ ಅನ್ನಿಸಿದ ದಿನ ಅದು ನನ್ನನ್ನು ಕಾಪಾಡಿದೆ.

ಪ್ರಶ್ನೆ: ನನಗೆ ಉದ್ದ ಬರೆಯಲು ಬರುವುದಿಲ್ಲ. ಒಂದೇ ಪುಟದಲ್ಲಿ ಮುಗಿಯುವ ಕಥೆಯನ್ನು ಯಾರಾದರೂ ಓದುತ್ತಾರಾ?

ಉತ್ತರ: ಒಂದು ಪುಟ ಯಾಕೆ, ಸರಿಯಾಗಿ 100 ಪದದಲ್ಲಿ ಮುಗಿಯುವ ಡ್ರಾಬಲ್ ಅನ್ನುವ ರೂಪವೇ ಇದೆ. ಓದುಗರಿಗೆ ಪಾತ್ರಗಳು ಮೊದಲೇ ಗೊತ್ತು. ಪರಿಚಯ ಮಾಡಿಕೊಡುವ ಕೆಲಸ ನಿಮಗಿಲ್ಲ. ನೇರವಾಗಿ ಆ ಗಳಿಗೆಗೆ ಇಳಿಯಬಹುದು.

ನನಗೆ ಇವತ್ತಿಗೂ ನೆನಪಿರುವ ಒಂದು ಡ್ರಾಬಲ್ ಹೇಳುತ್ತೇನೆ. ಜಲಪಾತದ ಹತ್ತಿರ ಹೋಮ್ಸ್ ಒಂದು ಪತ್ರ ಬರೆದು, ತನ್ನ ಬೆಳ್ಳಿಯ ಸಿಗರೇಟ್ ಡಬ್ಬಿಯ ಕೆಳಗೆ ಇಟ್ಟು ಹೋಗಿರುತ್ತಾನೆ. ವಾಟ್ಸನ್‌ಗೆ ಅದು ಸಿಗುತ್ತದೆ. ಪತ್ರದಲ್ಲಿ ಏನಿತ್ತು ಅಂತ ಡಾಯ್ಲ್ ಪೂರ್ತಿ ಹೇಳುತ್ತಾರೆ. ಡಬ್ಬಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಡ್ರಾಬಲ್ ಅಲ್ಲಿಂದ ಶುರುವಾಗುತ್ತದೆ. ವಾಟ್ಸನ್ ಪ್ರತಿ ಭಾನುವಾರ ಅದನ್ನು ಬಟ್ಟೆಯಿಂದ ಉಜ್ಜಿ ಹೊಳಪು ಮಾಡುತ್ತಾನೆ. ಒಳಗಿರುವ ಸಿಗರೇಟುಗಳನ್ನು ಮುಟ್ಟುವುದಿಲ್ಲ. ಅವು ಒಣಗಿ ಪುಡಿಯಾಗುತ್ತವೆ. ಮೂರು ವರ್ಷ ಕಳೆಯುತ್ತದೆ. ಕೊನೆಯ ಸಾಲಿನಲ್ಲಿ, ಮೇಜಿನ ಮೇಲಿದ್ದ ಡಬ್ಬಿಯ ಕಡೆಗೆ ಒಂದು ಕೈ ಚಾಚುತ್ತದೆ. ಕೇಳದೆ, ತನ್ನದೇ ಅನ್ನುವ ಹಾಗೆ ತೆಗೆದುಕೊಳ್ಳುತ್ತದೆ.